ಮೋಟಾರ್ ಮನೆಯ ಗೀಸರ್

ನನ್ನ ಭಾವ ಮನೆಗೆ ಚಕ್ರ ಹಚ್ಚಿಸಿದ್ದಾರೆ. ತಮಾಷೆಯಲ್ಲ. ಹಳೆಯ ಮಿನಿಬಸ್ ಕೊಂಡು, ವಾಳೂಜಿನ ಗ್ಯಾರೇಜೊಂದರಲ್ಲಿ ಹಾಸಿಗೆ, ಒಲೆ, ಬಾತ್‌ರೂಮು ಎಲ್ಲ ಕೂರಿಸಿ ಮೋಟಾರ್‌ಹೋಮ್ ಮಾಡಿಸಿದರು. ಭಾಲ್ಕಿ ಕಡೆಯವರು, ನಾಸಿಕದಲ್ಲಿ ಬಟ್ಟೆ ವ್ಯಾಪಾರ. ಅಕ್ಕನಿಗೆ ಹನ್ನೆರಡೂ ಜ್ಯೋತಿರ್ಲಿಂಗಗಳನ್ನು ಅದರಲ್ಲೇ ತೋರಿಸುವುದು ಅವರ ಪ್ಲಾನ್.

ಮೊನ್ನೆ ಸಂಭಾಜಿನಗರದ ನಮ್ಮ ಮನೆ ಮುಂದೆ ಬಂದು ಹಾರ್ನ್ ಹೊಡೆದರು. ವೇರೂಳಿನ ಘೃಷ್ಣೇಶ್ವರನ ದರ್ಶನಕ್ಕೆ ನಾನೂ ಹತ್ತಿದೆ. ಸ್ನಾನ?

"ಗಾಡಿಯೊಳಗ ಗ್ಯಾಸ್ ಗೀಸರ್ ಅದ. ಅಲ್ಲೇ ತಲಿಗಿ ನೀರು ಹಾಕ್ಕೊಂಡು ಸೀದಾ ಗುಡಿಗಿ ನಡೀರಿ" ಎಂದರು.

ಪಾರ್ಕಿಂಗಿನಲ್ಲಿ ಮೊದಲ ಪಾಳಿ ಅಕ್ಕನದು. ಸ್ನಾನ ಮುಗಿಸಿ ಬಂದವಳು ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ತಲೆ ಸಿಡಿಯುತ್ತಿದೆ, ಕಣ್ಣಿಗೆ ಕತ್ತಲೆ ಬರುತ್ತಿದೆ ಅಂದಳು.

"ಸೋಮವಾರದ ಉಪಾಸ ನೋಡವ್ವ, ಪಿತ್ತ ಏರ್ತದ. ಗಾಡಿ ಹತ್ತಿದಾಗೆಲ್ಲ ಇಕಿದು ಇದೇ ಕತಿ" ಎಂದರು ಭಾವ. ನಾನೂ ತಲೆಯಾಡಿಸಿ ನಿಂಬೆ ಸೋಡಾ ತಂದುಕೊಟ್ಟೆ. (ಮನೆಯ ಹೆಂಗಸಿಗೆ ಪಿತ್ತ ಅನ್ನಲಿಕ್ಕೆ ಡಾಕ್ಟರಾಗಬೇಕೆ?)

ಮುಂದಿನ ಪಾಳಿ ನನ್ನದು. ಗೀಸರಿನ ಗುಂಡಿ ಯಾವ ಕಡೆ ತಿರುಗಿಸಬೇಕೋ ತಿಳಿಯದೆ ಮಾಡೆಲ್ ಹೆಸರನ್ನು ಮೊಬೈಲಿನಲ್ಲಿ ಹುಡುಕಿದೆ. ಮೊದಲಿಗೇ ಸಿಕ್ಕಿದ್ದು ತಯಾರಿಸಿದ ಕಂಪನಿಯದೇ ರಿಕಾಲ್ ನೋಟಿಸ್. ಈ ಮಾಡೆಲಿನ ಹೊಗೆ ಕೊಳವೆಯಲ್ಲಿ ದೋಷವಿದೆ, ವಿಷಾನಿಲ ಒಳಗೇ ಉಳಿಯಬಹುದು, ಕೂಡಲೇ ಬಳಕೆ ನಿಲ್ಲಿಸಿ, ಪುಕ್ಕಟೆ ಬದಲಿಸಿ ಕೊಡುತ್ತೇವೆ.

ವಾಸನೆಯೂ ಇಲ್ಲದ ವಿಷ. ಮೊಬೈಲ್ ಹಿಡಿದು ಹೊರಗೋಡಿ ಭಾವನಿಗೆ ತೋರಿಸಿದೆ. ದರ್ಶನ ಬಿಟ್ಟು ಅಕ್ಕನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಇನ್ನೊಂದು ಸ್ವಲ್ಪ ಹೊತ್ತು ಒಳಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅಕ್ಕ ಚೇತರಿಸಿಕೊಂಡ ಮೇಲೆ ಭಾವ ಗೀಸರ್ ಮಾರಿದ ಅಂಗಡಿಯವನಿಗೆ ಫೋನ್ ಹಚ್ಚಿ ರೇಗಿದರು. ಅವನು ಶಾಂತವಾಗಿದ್ದ. "ಮೆಸೇಜ್ ಪಾಠವ್ಲಾ ನಾ ಶೇಠ್, ತೀನ್‌ದಾ." ರಿಕಾಲ್ ಸುದ್ದಿಯನ್ನು ಮೂರು ಸಲ ಕಳಿಸಿದ್ದಾನಂತೆ. ಯಾವ ನಂಬರಿಗೆ? ಬಿಲ್ ತೆಗೆದು ನೋಡಿದರೆ ಭಾವನ ನಂಬರಿನ ಕೊನೆಯ ಅಂಕಿಯೇ ಬೇರೆ.

"ನಾನೇ ಬದಲಿ ಹೇಳಿದ್ದೆ" ಎಂದರು ಭಾವ, ಸಣ್ಣ ದನಿಯಲ್ಲಿ. "ಖರೇ ನಂಬರ್ ಕೊಟ್ರ ದಿನಾ ಸೇಲ್ ಮೆಸೇಜ್ ಹಾಕಿ ಜೀವಾ ತಿಂತಾರ. ನಾನೂ ದುಕಾನದಾವ, ನಂಗ ಗೊತ್ತಿಲ್ಲೇನು?"

(ನಗಬೇಡಿ. ನೀವು ಎಷ್ಟು ಅಂಗಡಿಗಳಲ್ಲಿ ಹೀಗೆ ಮಾಡಿದ್ದೀರಿ? ನಾನಂತೂ ಮಾಡಿದ್ದೇನೆ.) ಯಾರೋ ಪುಣ್ಯಾತ್ಮ ತನ್ನಲ್ಲಿಲ್ಲದ ಗೀಸರಿಗಾಗಿ ಮೂರು ಸಲ ಗಾಬರಿಯಾಗಿರಬೇಕು.

ನಮ್ಮ ಓಣಿಯಲ್ಲಿ ಒಬ್ಬ ವಕೀಲರಿದ್ದಾರೆ. ಹೋಗಿ ಕೇಳಿದೆವು. ತಪ್ಪು ನಂಬರ್ ಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ರಿಕಾಲ್ ಅನ್ನುವುದು ಕಂಪನಿ ಮಾಡುವ ಉಪಕಾರವೂ ಅಲ್ಲ ಎಂದರು. ಬದಲಿ ಕೊಡಲು ಸತಾಯಿಸಿದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆರೋಗ್ಯ ಕೆಟ್ಟಿದ್ದಕ್ಕೆ ಪರಿಹಾರವನ್ನೂ ಕೇಳಬಹುದು. ಆದರೆ ಬಿಲ್, ಡಾಕ್ಟರ ಚೀಟಿ, ಗೀಸರಿನ ಫೋಟೊ ಜೋಪಾನ. ಬರಹದಲ್ಲಿ ರಶೀದಿ ಪಡೆಯದೆ ಗೀಸರನ್ನು ಯಾರ ಕೈಗೂ ಕೊಡಬಾರದು. ಹಾಂ, ತಲೆನೋವು ಯಾವ್ಯಾವಾಗ ಬಂದಿತ್ತು ಅನ್ನುವುದನ್ನೂ ಬರೆದಿಡಬೇಕು.

ಭಾವನಿಗೆ ಹುರುಪು ಬಂತು. ಮನೆಗೆ ಬಂದವರೇ ಪೆನ್ನು ಹಿಡಿದು ಅಕ್ಕನ ಮುಂದೆ ಕೂತರು. "ಹೇಳು, ಮೊದಲನೇ ಸಲ ತಲಿಬ್ಯಾನಿ ಯಾವಾಗ ಬಂತು?"

ಅಕ್ಕ ಅವರನ್ನೇ ನೋಡಿದಳು. "ತ್ರ್ಯಂಬಕಕ್ಕ ಹೋದಾಗ ಹೇಳಿದ್ದೆ, ಪಿತ್ತ ಅಂದ್ರಿ. ಭೀಮಾಶಂಕರದಾಗ ಹೇಳಿದ್ದೆ, ನಿದ್ದಿ ಕಮ್ಮಿ ಆಗ್ಯಾದ ಅಂದ್ರಿ. ಈಗ ಕಂಪನಿ ಹೇಳ್ಯಾದ ಅಂತ ಬರ್ಕೋತೀರೇನ್ರೀ?"

ಭಾವ ಪೆನ್ನು ಕೆಳಗಿಟ್ಟರು. ಪಿತ್ತ ಅಂದಾಗ ನಾನೂ ತಲೆಯಾಡಿಸಿದ್ದೆನಲ್ಲ.

ಗೀಸರಿನ ದೋಷವನ್ನು ಕಂಪನಿಯಾದರೂ ಒಪ್ಪಿಕೊಂಡಿತು. ಅಕ್ಕನ ಮಾತು ಕಿವಿಗೆ ಹಾಕಿಕೊಳ್ಳದ ನಾವು ಯಾವ ಆಯೋಗದ ಮುಂದೆ ನಿಲ್ಲಬೇಕು?