ಕನ್ನಡ ಮಕ್ಕಳು ಬೇಕಾಗಿದ್ದ ಶಾಲೆಗೆ ಹೋಗಿ ಬಂದದ್ದು

ನಾಸಿಕದಲ್ಲಿ ಬೆಳಗಿನ ಬಸ್ಸು ಹತ್ತುವಾಗಲೇ ನನಗೆ ಆ ಶಾಲೆಯ ಮೇಲೆ ಅನುಮಾನವಿತ್ತು. ಶಾಲೆಯನ್ನು ಇನ್ನೂ ಕಣ್ಣಿಂದ ನೋಡಿರಲಿಲ್ಲ. ಅದು ಛತ್ರಪತಿ ಸಂಭಾಜಿನಗರದಲ್ಲಿ, ಬೇರೆ ಕಡೆ ಓದು ಬಿಟ್ಟ ಮಕ್ಕಳಿಗಾಗಿಯೇ ನಡೆಯುವ ಹೈಸ್ಕೂಲು. ಫೋನಿನಲ್ಲಿ ಮಾತಾಡಿದ ಮುಖ್ಯೋಪಾಧ್ಯಾಯರು ಶಾಲೆಗೆ ಸೇರಬೇಕಾದ ನಮ್ಮ ಹುಡುಗಿಯ ಅಂಕ ಕೇಳಲಿಲ್ಲ, ಹಳೆಯ ಶಾಲೆ ಯಾಕೆ ಬಿಟ್ಟಳು ಎಂದೂ ಕೇಳಲಿಲ್ಲ. "ಮನ್ಯಾಗ ಕನ್ನಡ ಮಾತಾಡ್ತೀರೇನ್ರಿ?" ಎಂದಷ್ಟೇ ಕೇಳಿ, "ಹಂಗಾದ್ರ ಕರಕೊಂಡು ಬರ್ರಿ, ಸೀಟ್ ಅದ" ಎಂದುಬಿಟ್ಟರು. ನಾನು ಬೀದರ್ ಜಿಲ್ಲೆಯ ಹೈಸ್ಕೂಲುಗಳಲ್ಲೇ ಕೂದಲು ನರೆಸಿಕೊಂಡು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಇಷ್ಟು ಸಲೀಸಾಗಿ ಸೀಟು ಕೊಡುವವರನ್ನು ಕಂಡರೆ ಎಲ್ಲೋ ಏನೋ ಕೊಕ್ಕೆ ಇದೆ ಅನ್ನಿಸುತ್ತದೆ.

ಜೊತೆಗಿದ್ದವಳು ತಂಗಿ ಸುಮಿತ್ರಾಳ ಮಗಳು ಶ್ರಾವಣಿ. ನಾಸಿಕದಲ್ಲೇ ಹುಟ್ಟಿ ಬೆಳೆದವಳು. ಒಂಬತ್ತನೆಯ ತರಗತಿಯನ್ನು ಹೇಗೋ ದಾಟಿದ್ದಳು, ಗಣಿತದಲ್ಲಿ ಮಾತ್ರ ತೀರಾ ಕಡಿಮೆ. ಅಲ್ಲಿಯ ಶಾಲೆಯವರು ತಂಗಿಯನ್ನು ಕರೆಸಿ, "ಹತ್ತನೆಯದರಲ್ಲಿ ಇವಳನ್ನು ಕೂರಿಸಿದರೆ ನಮ್ಮ ಫಲಿತಾಂಶ ಕೆಡುತ್ತದೆ, ನೀವಾಗಿಯೇ ಟೀಸಿ ತೆಗೆದುಕೊಂಡು ಹೋಗಿ" ಎಂದಿದ್ದರಂತೆ. ಅದೇ ಹೊತ್ತಿಗೆ ತಂಗಿಯ ಗಂಡ ಗುರುನಾಥನನ್ನು, ಅಂದರೆ ಶ್ರಾವಣಿಯ ಅಪ್ಪನನ್ನು, ಕಂಪನಿಯವರು ಸಂಭಾಜಿನಗರದ ಪಕ್ಕದ ವಾಳುಜಿಗೆ ವರ್ಗ ಮಾಡಿದರು. ಅಲ್ಲಿಯ ಶಾಲೆಗಳೂ ಅಂಕಪಟ್ಟಿ ನೋಡಿ ಗೇಟಿನಿಂದಲೇ ಕಳಿಸಿದವು. ಉಳಿದದ್ದು ಇದೊಂದೇ. ಇದೂ ತಪ್ಪಿದರೆ ಹುಡುಗಿ ಮನೆಯಲ್ಲಿ ಕೂರಬೇಕು. ಸುಮಿತ್ರಾಗೆ ನಾಸಿಕದ ಮನೆ ಖಾಲಿ ಮಾಡುವ ಗಡಿಬಿಡಿ. "ಅಕ್ಕಾ, ನೀನೇ ಹೋಗಿ ನೋಡಿ ಬಾ. ನಿನ್ನ ಕಣ್ಣಿಗೆ ಮಣ್ಣು ಹಾಕೋದು ಯಾರಿಗೂ ಆಗಂಗಿಲ್ಲ" ಎಂದು ನನ್ನನ್ನು ಹೊರಡಿಸಿದಳು.

ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು. ಊರಲ್ಲಿ ಬಿಟ್ಟಿ ಓಡಾಡಿ ರೂಢಿಯಾದ ನನಗೆ ಅರ್ಧವೂ ದುಬಾರಿ ಎನ್ನಿಸಿತು. ದಾರಿ ಇನ್ನೂರು ಕಿಲೋಮೀಟರಿನ ಆಸುಪಾಸು. ಜೂನ್ ಅರ್ಧ ಕಳೆದಿದ್ದರೂ ಮೋಡ ಬರೀ ನೆರಳು ಕೊಡುತ್ತಿತ್ತು, ಮಳೆ ಇಲ್ಲ. ನಿಫಾಡದ ಸುತ್ತ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಬಸ್ಸನ್ನು ಆಮೆಯಂತೆ ತೆವಳಿಸಿದವು. ಯೇವಲಾದಲ್ಲಿ ಇಳಿದು ವಡಾಪಾವ್ ತಿಂದೆವು. ವಡೆ ಬಿಸಿಯಿತ್ತು, ಚಹಾ ಮಾತ್ರ ಸಕ್ಕರೆ ಪಾಕ.

ಯೇವಲಾದಲ್ಲಿ ಹತ್ತಿದ ಹೆಂಗಸೊಬ್ಬಳು ನಮ್ಮ ಸೀಟಿಗೇ ಒತ್ತರಿಸಿಕೊಂಡು ಕೂತು, ಮರಾಠಿಯಲ್ಲಿ ಶ್ರಾವಣಿಯನ್ನು ವಿಚಾರಿಸತೊಡಗಿದಳು. ಎಷ್ಟನೇ ಕ್ಲಾಸು? ಹತ್ತನೆಯದು. ಯಾವ ಶಾಲೆ? ಅಲ್ಲಿಯವರೆಗೆ ಪಟಪಟ ಉತ್ತರಿಸುತ್ತಿದ್ದ ಹುಡುಗಿ ಕಿಟಕಿಯ ಕಡೆ ತಿರುಗಿಬಿಟ್ಟಳು. ವೈಜಾಪುರ ದಾಟುವ ತನಕ ಮುಖ ಈಚೆ ತಿರುಗಿಸಲಿಲ್ಲ. ನನಗೆ ಆ ನಾಸಿಕದ ಶಾಲೆಯವರ ಮೇಲೆ ಕೆಂಡದಂಥ ಸಿಟ್ಟು ಬಂತು.

ಮಧ್ಯಾಹ್ನ ಮುಟ್ಟಿದೆವು. ಆ ದಿನ ಗುರುನಾಥ ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ಉಳಿದೆವು. ಅವನೇ ಕಡಲೆಹಿಟ್ಟಿನ ಝುಣಕಾ ಮಾಡಿದ್ದ, ಜೋಳದ ಭಾಕರಿ ಹೊರಗಿನಿಂದ ತಂದಿದ್ದ. "ಹುಡುಗಿ ಕನ್ನಡದಾಕಿ ಅಂದ್ರ ಒಂದು ರೂಪಾಯಿನೂ ಬ್ಯಾಡ ಅಂತಾರ್ರಿ ಅಕ್ಕಾ. ದೇವರಂಥ ಮಂದಿ" ಎಂದ. ದೇವರಂಥ ಮಂದಿ ಎಂದರೆ ನನಗೆ ಇನ್ನಷ್ಟು ಅನುಮಾನ. ನಾನು ಭಾಕರಿ ಮುರಿದೆ.

ಮರುದಿನ ಅವನು ಡ್ಯೂಟಿಗೆ ಹೋದ. ನಾವಿಬ್ಬರು ಷೇರ್ ರಿಕ್ಷಾದಲ್ಲಿ ಊರೊಳಗಿನ ಶಾಲೆಗೆ ಹೋದೆವು. ಟಯರ್ ಅಂಗಡಿಗಳ ಮೇಲಿನ ಎರಡು ಅಂತಸ್ತು, ಅಷ್ಟೇ ಶಾಲೆ. ಮುಖ್ಯೋಪಾಧ್ಯಾಯರು ಕಲಬುರಗಿಯ ಕಡೆಯವರು, ತೆಳ್ಳಗಿನ ಮನುಷ್ಯ. ನಮ್ಮನ್ನು ಕಂಡದ್ದೇ ಚಹಾ ತರಿಸಿದರು, ಬೇಡ ಎಂದರೂ ಶಿರಾ ತರಿಸಿದರು. ನಾನು ಶಿರಾ ಮುಟ್ಟದೆ ಫಲಿತಾಂಶ ಕೇಳಿದೆ.

"ಎಲ್ಲಾರೂ ಪಾಸಾಗಂಗಿಲ್ರಿ. ಗಣಿತ, ಇಂಗ್ಲಿಷಿನ್ಯಾಗ ಬೀಳ್ತಾರ, ಮತ್ತ ಕೂಡ್ತಾರ" ಎಂದರು. ಗೋಡೆಯ ಮೇಲೆ ಒಬ್ಬ ಜಾಣನ ಫೋಟೋ ಕೂಡ ಇರಲಿಲ್ಲ.

"ಮಕ್ಕಳು ಎಂಥೆಂಥವರು?"

"ಗ್ಯಾರೇಜಿನ್ಯಾಗ ಕೆಲಸ ಮಾಡೋರು ಅದಾರ, ಮನಿಗೆಲಸಕ್ಕ ಹೋಗೋರು ಅದಾರ. ಎರಡೆರಡು ವರ್ಷ ಸಾಲಿ ಬಿಟ್ಟೋರೂ ಅದಾರ್ರಿ." ಶಿರಾದ ತಟ್ಟೆ ನನ್ನ ಕಡೆ ಸರಿಸಿ, "ಅರ್ಧಕ್ಕಿಂತ ಹೆಚ್ಚು ಮಂದಿ ಕನ್ನಡದವರು" ಎಂದರು.

ಕೊಕ್ಕೆ ಸಿಕ್ಕಿತು. ಈ ಊರಿನಲ್ಲಿ ಕನ್ನಡದವರಿದ್ದಾರೆ, ನಿಜ. ಆದರೆ ಹೆಚ್ಚಿನವರು ಹೋಟೆಲು ನಡೆಸುವವರು, ಅವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಟಯರ್ ಅಂಗಡಿಯ ಮಾಳಿಗೆ ಹತ್ತುವುದಿಲ್ಲ. "ತರಗತಿ ನೋಡಬಹುದೇನ್ರಿ?" ಎಂದು ಎದ್ದೆ. ಅವರ ಮುಖ ಕಳೆಗುಂದಿತು. "ತಾವು ಆಫೀಸಿನಿಂದ ಬಂದೀರೇನ್ರಿ?" ಎಂದು ಮೆಲ್ಲಗೆ ಕೇಳಿದರು. ನನ್ನನ್ನು ಹುಡುಗಿಯ ನೆಪ ಮಾಡಿ ಬಂದ ತಪಾಸಣೆಯ ಅಧಿಕಾರಿ ಅಂದುಕೊಂಡಿದ್ದರು. ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಹತ್ತನೆಯ ತರಗತಿಯಲ್ಲಿ ಗಣಿತ ನಡೆದಿತ್ತು. ನಾನು ಒಳಗೆ ಹೋದದ್ದೇ ಮಕ್ಕಳೆಲ್ಲ ಎದ್ದು, "ನಮಸ್ಕಾರ್ರೀ, ಚೆನ್ನಾಗಿದ್ದೀರಾ?" ಎಂದು ಒಂದೇ ರಾಗದಲ್ಲಿ ಹೇಳಿದರು. ಶ್ರಾವಣಿಯನ್ನು ಎರಡನೇ ಬೆಂಚಿನಲ್ಲಿ ಕೂರಿಸಿದರು. ಅವಳ ಪಕ್ಕದ ಹುಡುಗಿಯ ಹೆಸರು ಸಾನಿಯಾ ಎಂದರು. ನಾನು ಅವಳಿಗೆ ಕನ್ನಡದಲ್ಲಿ ಕೇಳಿದೆ: "ನಿಮ್ಮ ಮನೆಯಲ್ಲಿ ಯಾರ‍್ಯಾರಿದ್ದಾರಮ್ಮ?"

"ನಮಸ್ಕಾರ್ರೀ, ಚೆನ್ನಾಗಿದ್ದೀರಾ?"

"ಬೆಳಿಗ್ಗೆ ಏನು ತಿಂದೆ?"

"ಚೆನ್ನಾಗಿದ್ದೀರಾ?" ಈ ಸಲ ದನಿ ನಡುಗಿತು.

ನಾನು ಮುಖ್ಯೋಪಾಧ್ಯಾಯರ ಕಡೆ ತಿರುಗಿದೆ. "ಇವಳು ಕನ್ನಡದವಳೇನ್ರಿ? ಯಾರ ಕಿವಿಗೆ ಹೂ ಇಡ್ತೀರಿ?" ಎಂದು ತರಗತಿಯ ಮುಂದೆಯೇ ಜೋರು ಮಾಡಿದೆ. ಅವರು ತಲೆ ತಗ್ಗಿಸಿದರು. ಇದು ಕನ್ನಡದವರ ಟ್ರಸ್ಟು, ಇಂತಿಷ್ಟು ಪಾಲು ಕನ್ನಡದ ಮಕ್ಕಳಿರಬೇಕು, ಇಲ್ಲದಿದ್ದರೆ ಶಾಲೆಗೆ ಸಿಕ್ಕಿರುವ ಭಾಷಾ ಅಲ್ಪಸಂಖ್ಯಾತರ ಮಾನ್ಯತೆ ಹೋಗುತ್ತದೆ. ಕನ್ನಡದವರು ಬರುವುದಿಲ್ಲ, ಬಂದವರನ್ನೇ ಹಾಗೆ ಬರೆದುಕೊಂಡಿದ್ದೇವೆ ಎಂದು ತೊದಲುತ್ತ ಒಪ್ಪಿಕೊಂಡರು.

ಅಷ್ಟರಲ್ಲಿ ಸಾನಿಯಾ ಪುಸ್ತಕ ಮುಚ್ಚಿ ಚೀಲಕ್ಕೆ ತುರುಕಿದಳು. ಪೆನ್ನು, ಕಂಪಾಸಿನ ಡಬ್ಬಿ, ನೀರಿನ ಬಾಟಲಿ, ಎಲ್ಲ ತುಂಬಿಕೊಂಡಳು. ಯಾರೂ ಹೇಳಿರಲಿಲ್ಲ. "ಸರ್, ಮೈ ಜಾವೂಂ?" ಎಂದು ಹಿಂದಿಯಲ್ಲಿ ಹೋಗಲು ಅಪ್ಪಣೆ ಕೇಳಿದಳು. ಹಿಂದೆ ಯಾವುದೋ ಶಾಲೆಯಿಂದ ಹೊರಬಿದ್ದ ಅನುಭವ ಇರಬೇಕು, ಅಳಲೂ ಇಲ್ಲ.

ಶ್ರಾವಣಿ ಅವಳ ಚೀಲದ ಪಟ್ಟಿ ಹಿಡಿದುಕೊಂಡು ಎದ್ದು ನಿಂತಳು. ಮನೆಯಲ್ಲಿ ನಾವು ಎಷ್ಟು ಕನ್ನಡ ಮಾತಾಡಿದರೂ ಮರಾಠಿಯಲ್ಲೇ ಉತ್ತರ ಕೊಡುವ, ದೊಡ್ಡಮ್ಮನಾದ ನನ್ನನ್ನೂ ಮಾವಶಿ ಎನ್ನುವ ಹುಡುಗಿ.

"ಮಾವಶಿ, ಆಕಿಗಿ ಕನ್ನಡ ಬರ್ತದ," ಎಂದಳು. ಪದಕ್ಕಾಗಿ ತಡಕಾಡಿದಳು. "ನಾ... ನಾ ಕಲಸ್ತೀನಿ. ಆಕಿಗಿ ಹೊರಗ ಹಾಕಬ್ಯಾಡ."

ಹತ್ತು ನಿಮಿಷವೂ ಆಗಿರಲಿಲ್ಲ ಅವರಿಬ್ಬರ ಪರಿಚಯವಾಗಿ. ಅಷ್ಟೂ ಮಕ್ಕಳು ನನ್ನನ್ನೇ ನೋಡುತ್ತಿದ್ದರು. "ನಾನು ಯಾವ ಆಫೀಸಿನವಳೂ ಅಲ್ಲ, ಈಕಿ ದೊಡ್ಡಮ್ಮ" ಎಂದು ಮೊದಲು ಕನ್ನಡದಲ್ಲಿ, ಆಮೇಲೆ ನನ್ನ ಹರಕು ಹಿಂದಿಯಲ್ಲಿ ಹೇಳಿ ಸಾನಿಯಾಳನ್ನು ಕೂರಿಸಿದೆ. ಅವಳು ನಂಬಲಿಲ್ಲ. ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಳು.

ಹೊರಗೆ ಬಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ: "ನಮ್ಮ ಹುಡುಗಿಗೆ ಗಣಿತ ಬರಂಗಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಫಲಿತಾಂಶದ ನೆಪ ಹೇಳಿ ಹೊರಗೆ ಹಾಕ್ತೀರಾ?"

"ಹಂಗ ಹಾಕ್ಕೋತ ಹೋದ್ರ ನಮ್ಮ ಸಾಲ್ಯಾಗ ಯಾರು ಉಳೀತಾರ್ರಿ ಮೇಡಂ?" ಎಂದರು. ಆ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಈ ಸುಳ್ಳು ಒಂದು ದಿನ ನಿಜವಾದ ಅಧಿಕಾರಿಯ ಕೈಗೆ ಸಿಕ್ಕರೆ ಇಷ್ಟೂ ಮಕ್ಕಳು ಬೀದಿಗೆ ಬರುತ್ತಾರೆ ಎಂದು ಬೈದೆ. ಅವರ ಕೋಣೆಗೆ ಮರಳಿ ಬೈಯುತ್ತಲೇ ಶಿರಾ ತಿಂದೆ.

ಶ್ರಾವಣಿ ಅಪ್ಪನ ಬಳಿ ಉಳಿದಳು, ನಾನೊಬ್ಬಳೇ ಸಂಜೆಯ ಬಸ್ಸು ಹಿಡಿದೆ. ಊರಾಚೆ ಬಂದ ಮೇಲೆ ಮಳೆಯ ದಪ್ಪ ಹನಿ ಬಿದ್ದವು, ಜನ ಕಿಟಕಿ ಎಳೆದುಕೊಂಡರು. ಸುಮಿತ್ರಾ ಫೋನು ಮಾಡಿದಳು.

"ಸಾಲಿ ಹ್ಯಾಂಗದ ಅಕ್ಕಾ? ನಂಬಬಹುದೇನು?"

"ಸಾಲಿ ಬಗ್ಗೆ ಇನ್ನೂ ಹೇಳಂಗಿಲ್ಲ. ನಿನ್ನ ಮಗಳು ನನ್ನ ಮುಖಕ್ಕೇ ಸುಳ್ಳು ಹೇಳಿದಳು."

"ಅಯ್ಯ, ಏನಂತ?"

ನಡೆದದ್ದನ್ನು ಹೇಳಿದೆ.

"ಕನ್ನಡದಾಗ ಹೇಳಿದಳಾ?" ಎಂದಳು ತಂಗಿ.

"ಹೂಂ. ನಾಳೆ ಹೆಸರು ಹಚ್ಚಂತ ಗುರುನಾಥಗ ಹೇಳಿ ಬಂದೀನಿ."