ವಾಸನೆಯಿಲ್ಲದ ಔಷಧಿ

ವಿಠಲ ಏನನ್ನಾದರೂ ಕೊಳ್ಳುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಪೊರಕೆಗೂ ಮೂರು ಅಂಗಡಿ ಸುತ್ತುವ ಮನುಷ್ಯ. ತಿರುವನಂತಪುರದ ಹೊರವಲಯದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಪರ್ಚೇಸ್ ಸೆಕ್ಷನ್ನಿನ ಕೆಲಸ ಅವನದು. ಅಲ್ಲಿ ಗುಂಡುಸೂಜಿ ಬೇಕೆಂದರೂ ಮೂರು ಕೊಟೇಶನ್ ತರಿಸಬೇಕು, ಯಾವುದು ಯಾಕೆ ಬೇಡ ಎಂದು ಕಾರಣ ಬರೆಯಬೇಕು, ಆಮೇಲೆ ಒಂದನ್ನು ಆರಿಸಬೇಕು. ಕಚೇರಿಯ ಆ ಬುದ್ಧಿ ಅವನ ಜೊತೆ ಮನೆಗೂ ಬಂದು ಕೂತಿದೆ. "ನನ್ನನ್ನ ಒಪ್ಪೋ ಮುಂಚೆ ಇನ್ನಿಬ್ಬರನ್ನ ನೋಡಿ ಬಂದಿದ್ರು ವಸಂತಕ್ಕ" ಎಂದು ಅವನ ಹೆಂಡತಿ ಸರೋಜ ನಗುತ್ತಾಳೆ. ನಿಜವೇ ಇದ್ದೀತು.

ನಮ್ಮದು ಮೈಸೂರು, ಅವರದು ನಂಜನಗೂಡು. ನಮ್ಮವರು ಬ್ಯಾಂಕಿನಿಂದ ನಿವೃತ್ತರಾದ ಮೇಲೂ ನಾವು ತಿರುವನಂತಪುರ ಬಿಟ್ಟು ಹೋಗಲಿಲ್ಲ. ಎದುರು ಮನೆಗೆ ವಿಠಲನ ಸಂಸಾರ ಕೊಚ್ಚಿಯಿಂದ ವರ್ಗವಾಗಿ ಬಂದಾಗ, ಗೇಟಿನಲ್ಲಿ ನಿಂತು ಕನ್ನಡದಲ್ಲಿ ಜಗಳವಾಡುವುದಕ್ಕೆ ಜನ ಸಿಕ್ಕರಲ್ಲ ಎಂದು ನನಗೆ ಖುಷಿಯಾಯಿತು. ಅವರ ಮಗಳು ಅಪೂರ್ವಾ ಕೊಚ್ಚಿಯಲ್ಲೇ ಉಳಿದಳು. ಅಲ್ಲೇ ಹತ್ತಿರ ಏಲೂರಿನ ಒಂದು ಕಂಪನಿಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಶನಿವಾರ ರೈಲು ಹತ್ತಿ ಬಂದರೆ ಬಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಅರ್ಧ ಮಲಯಾಳಂ, ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಕೊಚ್ಚಿಯಲ್ಲಿ ಅವರಿದ್ದದ್ದು ಫ್ಲ್ಯಾಟಿನಲ್ಲಿ. ಇಲ್ಲಿ ಅಂಗಳ ಇರುವ ಮನೆಯೇ ಬೇಕು ಎಂದು ವಿಠಲ ಹಟ ಹಿಡಿದದ್ದು ತಾಯಿ ರತ್ನಮ್ಮನವರಿಗಾಗಿ. ಅವರಿಗೆ ಎಂಬತ್ತರ ಹತ್ತಿರ. ಉಬ್ಬಸ ಬೇರೆ. ಆದರೆ ಬೆಳಿಗ್ಗೆ ಸ್ನಾನ ಮಾಡಿ ಅಂಗಳದಲ್ಲಿ ನಾಲ್ಕು ಹೂವು ಕಿತ್ತು ದೇವರಿಗೆ ಇಡದಿದ್ದರೆ ಅವರಿಗೆ ದಿನ ಶುರುವೇ ಆಗುವುದಿಲ್ಲ. ದೇವರೆಂದರೆ ಅಂಗೈಯಷ್ಟು ದೊಡ್ಡ ಹಿತ್ತಾಳೆಯ ಅಂಬೆಗಾಲು ಕೃಷ್ಣ. ರತ್ನಮ್ಮ ಅವನನ್ನು ದೇವರು ಎಂದು ಕರೆದದ್ದನ್ನು ನಾನು ಕೇಳಿಲ್ಲ. 'ಪುಟ್ಟ' ಎನ್ನುತ್ತಾರೆ. ಪುಟ್ಟನಿಗೆ ಹಾಲಿಡುವ ಮುಂಚೆ ಒಂದು ತೊಟ್ಟು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಬಿಸಿ ನೋಡುತ್ತಾರೆ. ಮಳೆಗಾಲದಲ್ಲಿ ಪುಟ್ಟನಿಗೆ ಮಖಮಲ್ಲಿನ ಹೊದಿಕೆ. ನಾನು ಮೊದಮೊದಲು ಒಳಗೊಳಗೇ ನಕ್ಕೆ. ಆಮೇಲೆ ಅಭ್ಯಾಸವಾಯಿತು.

ಅಂಗಳದಲ್ಲಿ ಹಳೆಯ ಬಾಡಿಗೆದಾರರು ನೆಟ್ಟ ಕೆಂಪು ದಾಸವಾಳದ ಸಾಲಿತ್ತು. ಹೋದ ವರ್ಷ ಮಳೆ ನಿಂತದ್ದೇ ತಡ, ಆ ಗಿಡಗಳ ಕೊಂಬೆಗೆಲ್ಲ ಬಿಳಿ ಹಿಟ್ಟು ಮೆತ್ತಿದ ಹಾಗೆ ಹುಳ ಕೂತಿತು. ಹುಳ ಬಿಡುವ ಸಿಹಿ ಅಂಟಿಗೆ ಕೆಂಜಿಗ ಬಂತು. ಮೊಗ್ಗೆಲ್ಲ ಮುರುಟಿ ಉದುರಿದವು. ಒಂದು ಬೆಳಿಗ್ಗೆ ಹೂವಿಗೆ ಕೈಹಾಕಿದ ರತ್ನಮ್ಮನ ಕೈಕಾಲಿಗೆಲ್ಲ ಕೆಂಜಿಗ ಮುತ್ತಿ, ಪಾದ ಊದಿ ಚಪ್ಪಲಿಯೇ ಹಿಡಿಸದಾಯಿತು. ವಿಠಲ ಅವತ್ತು ಕಚೇರಿಗೆ ರಜೆ ಹಾಕಿ ಹುಳದ ಔಷಧಿ ಹುಡುಕಲು ಹೊರಟ.

ಮೊದಲು ಒಂದು ಸ್ಪ್ರೇ ತಂದ. ಅಂಗಳದ ತುದಿಯಲ್ಲಿ ಹೊಡೆದರೂ ಅದರ ಘಾಟು ನಡುಮನೆಗೆ ಬಂತು. ರತ್ನಮ್ಮ ಆ ಸಂಜೆಯೆಲ್ಲ ಗೋಡೆಗೆ ಒರಗಿ ಉಸಿರಿಗೆ ಒದ್ದಾಡಿದರು. ಬೇವಿನೆಣ್ಣೆ ತಂದ, ಅದರ ವಾಸನೆಗೂ ಕೆಮ್ಮು. ಇರುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಕೆಂಜಿಗಗಳು ಎಲೆಯಿಂದ ಎಲೆಗೆ ಹೋಗುತ್ತಿದ್ದವು, ಗೆರೆಯ ಗೊಡವೆಯೇ ಇಲ್ಲ. ಆಮೇಲೆ ಅವನು ಅಳೆದೂ ಸುರಿದೂ ಮಾಡಲು ಕೂತ. ಔಷಧಿ ಡಬ್ಬಗಳ ಮೇಲಿನ ಬಣ್ಣದ ತ್ರಿಕೋನದ ಅರ್ಥ ನಮಗೆಲ್ಲ ಪಾಠವಾಯಿತು. ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಸೌಮ್ಯ. ಹಸಿರಿನದು ಈ ಹುಳಕ್ಕೆ ನಾಟುವುದಿಲ್ಲವೆಂದು ಯಾರೋ ಹೇಳಿದರಂತೆ. ನೀಲಿಯದೇ ಬೇಕು, ವಾಸನೆ ಮಾತ್ರ ಇರಕೂಡದು ಎಂದು ತೀರ್ಮಾನಿಸಿ ಚಾಲೈ ಪೇಟೆಯ ಬೀಜ ಗೊಬ್ಬರದ ಅಂಗಡಿಗೆ ಹೋದ. ಅಂಗಡಿಯ ಜೋಸೆಫ್ ಕೊಟ್ಟದ್ದು ನೀರಿನಲ್ಲಿ ಕರಗುವ ಸಣ್ಣ ಹರಳು.

"ಮೂಸಿ ನೋಡಿ ಅಕ್ಕ" ಎಂದು ವಿಠಲ ಅದನ್ನು ಕಲಸಿದ ಬಕೆಟ್ಟನ್ನು ನನ್ನ ಮೂಗಿನ ಹತ್ತಿರ ಹಿಡಿದ. "ಏನಾದ್ರೂ ಬರತ್ತಾ?"

ಏನೂ ಬರಲಿಲ್ಲ. ಬಾವಿ ನೀರಿನಷ್ಟೇ ಸಪ್ಪೆ.

"ಎಲೆಗೆ ಹೊಡೆಯೋದೇ ಬೇಡವಂತೆ. ಬುಡಕ್ಕೆ ಹುಯ್ದರೆ ಸಾಕು. ಗಿಡಾನೇ ಕುಡಿದು ಎಲೆಗೆ ತಲುಪಿಸಿಕೊಳ್ಳತ್ತೆ. ಎಲೆ ರಸ ಹೀರಿದ ಹುಳ ಸಾಯತ್ತೆ. ಗಾಳಿಗೆ ಒಂದು ಹನಿ ಹೋಗಲ್ಲ."

"ಅಮ್ಮನ ತುಳಸಿ?" ಎಂದು ಸರೋಜ ಬಾಗಿಲಲ್ಲಿ ನಿಂತು ಕೇಳಿದಳು.

"ನಾನೇನು ಮಗೂನಾ? ತುಳಸಿಕಟ್ಟೆ ಈ ಕಡೆ, ದಾಸವಾಳ ಆ ಕಡೆ. ಕಟ್ಟೆ ಹತ್ರ ಬಕೆಟ್ಟನ್ನೂ ತಗೊಂಡು ಹೋಗಲ್ಲ."

ಹೇಳಿದ ಹಾಗೇ ಮಾಡಿದ. ಕೈಗವಸು ಹಾಕಿ, ಅಳತೆ ಮಾಡಿ, ದಾಸವಾಳದ ಬುಡಕ್ಕಷ್ಟೇ ಹುಯ್ದ. ಕಟ್ಟೆಯ ತುಳಸಿಗೆ ಗೋಣಿ ಬೇರೆ ಮುಚ್ಚಿದ್ದ. ಕೊನೆಗೆ ಬಕೆಟ್ಟನ್ನು ಒಡೆದೇ ಹಾಕಿದ, ಯಾರೂ ತಪ್ಪಿ ಬಳಸಬಾರದು ಎಂದು. ಅಂಥ ಜಾಗರೂಕತೆಯನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ದಾಸವಾಳ ಮೈತುಂಬ ಹೂ ಬಿಟ್ಟಿತು. ಹಿಟ್ಟಿನ ಹುಳ ಒಣಗಿ ಉದುರಿತು, ಕೆಂಜಿಗ ಬೇರೆ ದಾರಿ ಹಿಡಿಯಿತು. ರತ್ನಮ್ಮ ಬರಿಗಾಲಲ್ಲಿ ಗಿಡದ ಕೆಳಗೆ ನಿಂತು ಬುಟ್ಟಿ ತುಂಬ ಹೂ ಕಿತ್ತರು. ವಿಠಲ ನಮ್ಮ ಮನೆಗೂ ಎರಡು ಹೂ ತಂದುಕೊಟ್ಟು, ಮಾರುಕಟ್ಟೆಯಲ್ಲಿರುವ ಕೀಟನಾಶಕಗಳ ಬಗ್ಗೆ ನಮ್ಮವರಿಗೆ ಒಂದು ಗಂಟೆ ಕೊರೆದ. ಆಮೇಲೆ ಚಳಿಯ ದಿನ ಎಂದು ರತ್ನಮ್ಮನಿಗೆ ಕೆಮ್ಮು ಸ್ವಲ್ಪ ಹೆಚ್ಚಾಯಿತು. ದಿನಾ ತುಳಸಿ, ಮೆಣಸು, ಶುಂಠಿ ಹಾಕಿ ಕಷಾಯ ಕುಡಿಯತೊಡಗಿದರು.

ಅವರಿಗೆ ತಲೆ ಸುತ್ತಿದ್ದು ಒಂದು ದ್ವಾದಶಿಯ ಬೆಳಿಗ್ಗೆ. ಹಿಂದಿನ ದಿನ ಏಕಾದಶಿ, ನೀರಷ್ಟೇ ಕುಡಿದಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ತುಳಸಿ ಹಾಕಿದ ತೀರ್ಥ ತೆಗೆದುಕೊಂಡು, ಕಷಾಯ ಕುಡಿದು ಊಟಕ್ಕೆ ಕೂತವರು ಎರಡು ತುತ್ತಿಗೇ ವಾಂತಿ ಮಾಡಿಕೊಂಡರು. ಅಪೂರ್ವಾ ಕೊಚ್ಚಿಯಿಂದ ಬಂದಿದ್ದಳು. ಸರೋಜ ಕೂಗಿದ್ದಕ್ಕೆ ನಾನೂ ಓಡಿದೆ. ಅಜ್ಜಿಯ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದ ಅಪೂರ್ವಾಗೆ ಪೂಜೆಯ ತಟ್ಟೆಯಲ್ಲಿದ್ದ ತುಳಸಿಯ ರಾಶಿ ಕಂಡಿತು.

"ಇಷ್ಟೊಂದು ತುಳಸಿ ಎವಿಡುನ್ನಾ ಅಜ್ಜಿ?" ಎಲ್ಲಿಂದ ತಂದೆ ಎಂದು ಅವಳು ಕೇಳಿದ್ದು.

"ನಿನ್ನೆ ಕಿತ್ತಿಟ್ಟಿದ್ದು ಮಗು. ದ್ವಾದಶಿ ದಿನ ಕೀಳಬಾರದಲ್ಲ" ಎಂದರು ರತ್ನಮ್ಮ, ಕಣ್ಣು ಮುಚ್ಚಿಕೊಂಡೇ.

"ಕಟ್ಟೆ ಗಿಡದಲ್ಲಿ ಇಷ್ಟು ಎಲೇನೇ ಇಲ್ವಲ್ಲ."

"ಪೂಜೆ ಮಾಡೋ ತುಳಸೀನ ಯಾರಾದ್ರೂ ಕೀಳ್ತಾರೇನೇ? ಅವಳು ಲಕ್ಷ್ಮಿ. ಅಲ್ಲಿ ದಾಸವಾಳದ ಬುಡದಲ್ಲಿ ತಾನಾಗೇ ಹುಟ್ಟಿರೋದು ಎಷ್ಟು ಬೇಕಾದ್ರೂ ಇದೆ."

ವಿಠಲ ಔಷಧಿ ಹುಯ್ದದ್ದೂ ಆ ಬುಡಕ್ಕೇ. ಪೂಜೆಗೊಳ್ಳುವ ತುಳಸಿಯಿಂದ ಎಲೆ ಕೀಳುವುದಿಲ್ಲ, ಎಲೆಗೆ ಬೇರೆ ಗಿಡ ಇರುತ್ತದೆ. ನನ್ನ ಅತ್ತೆಯ ಮನೆಯಲ್ಲೂ ಹಾಗೇ. ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಪೂಜೆಯ ತಟ್ಟೆಗೆ ಎಲೆ ಎಲ್ಲಿಂದ ಬರುತ್ತದೆ ಎಂದು ವಿಠಲ ಹುಟ್ಟಿದಾರಭ್ಯ ಕೇಳಿದವನಲ್ಲ. ಅವನ ಲೆಕ್ಕದಲ್ಲಿ ಮನೆಯ ತುಳಸಿ ಎಂದರೆ ಕಟ್ಟೆಯ ಮೇಲಿನದು. ದಾಸವಾಳದ ನೆರಳಿನ ಹಸಿರೆಲ್ಲ ಅವನಿಗೆ ಬರೀ ಹಸಿರು. ಗೋಡೆಗೆ ಕೈಯೂರಿ ನಿಂತವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತು.

ಅಪೂರ್ವಾ ಡಬ್ಬ ತರಿಸಿದಳು. ಒಳಗಿದ್ದ ಕಾಗದದಲ್ಲಿ ಹತ್ತಾರು ಭಾಷೆ, ಇರುವೆಯಂಥ ಅಕ್ಷರ. ವಿಠಲ ಕನ್ನಡದ ಸಾಲುಗಳನ್ನು ಹುಡುಕಿ ಬೆರಳಿಟ್ಟು ಓದಿದ. ಮೊದಲೂ ಓದಿದ್ದ, ಬಳಸುವ ವಿಧಾನದ ತನಕ. ಈಗ ಪ್ರತಿವಿಷ ಎಂಬಲ್ಲಿಗೆ ಬಂದ. ನಿರ್ದಿಷ್ಟ ಪ್ರತಿವಿಷವಿಲ್ಲ, ಲಕ್ಷಣಗಳಿಗೆ ತಕ್ಕಂತೆ ಚಿಕಿತ್ಸೆ ನೀಡಿ ಎಂದಿತ್ತು. ಅದನ್ನೇ ಮತ್ತೆ ಓದಿದ. ಮಲಯಾಳಂ ಸಾಲಿನಲ್ಲಿ ಬೇರೇನಾದರೂ ಇದೆಯಾ ನೋಡು ಎಂದು ಮಗಳ ಕೈಗೆ ಕೊಟ್ಟ. ಅಲ್ಲೂ ಅದೇ ಇತ್ತು.

ಆಸ್ಪತ್ರೆಗೆ ಎಲ್ಲರೂ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ರಕ್ತ ತೆಗೆಸಿದಳು, ಡ್ರಿಪ್ ಹಾಕಿಸಿದಳು, ಡಬ್ಬದ ಫೋಟೊ ತೆಗೆದು ಯಾರಿಗೋ ಕಳಿಸಿದಳು. ಎಲೆಯಲ್ಲಿ ಎಷ್ಟಿತ್ತು ಎಂದು ಹೇಳುವುದು ಕಷ್ಟ, ಬಹಳ ಕಡಿಮೆಯೇ ಇರಬಹುದು, ಉಪವಾಸದಿಂದ ಆದ ಸುಸ್ತೂ ಆಗಿರಬಹುದು, ವಯಸ್ಸೂ ಆಗಿರಬಹುದು ಎಂದಳು. ಇದನ್ನು ಕಂಡುಹಿಡಿಯುವ ಪರೀಕ್ಷೆ ಅವರಲ್ಲಿ ಇರಲಿಲ್ಲ.

"ಏನು ಕೊಡಬೇಕು ಹೇಳಿ ಡಾಕ್ಟರ್, ಎಲ್ಲಿಂದ ಬೇಕಾದ್ರೂ ತರ್ತೀನಿ" ಎಂದು ವಿಠಲ ತನ್ನ ಒರಟು ಮಲಯಾಳಂನಲ್ಲಿ ಮತ್ತೆ ಮತ್ತೆ ಕೇಳಿದ. ತರುವುದಕ್ಕೆ ಏನೂ ಇರಲಿಲ್ಲ. "ಇಪ್ಪೋಳ್ ಕುಳಪ್ಪಮಿಲ್ಲ, ನೋಕ್ಕಾಂ" ಎಂದಳು ಅವಳು. ಈಗೇನೂ ತೊಂದರೆಯಿಲ್ಲ, ನೋಡೋಣ. ಎಳನೀರು, ತೆಳ್ಳಗಿನ ಗಂಜಿ ಕೊಡಿ, ಯಾರಾದರೂ ಹತ್ತಿರ ಇರಿ, ಅಷ್ಟೇ. ಮೂರು ಕೊಟೇಶನ್ ಇಟ್ಟುಕೊಂಡು ಆರಿಸುತ್ತಿದ್ದವನಿಗೆ ಆರಿಸಲು ಒಂದೂ ಸಿಗಲಿಲ್ಲ. ಅವನನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ರತ್ನಮ್ಮನಿಗೆ ಹೇಳುವುದು ಬೇಡ ಎಂದು ನಾವು ಹೊರಗೆ ಮಾತಾಡಿಕೊಂಡಿದ್ದೆವು. ಆದರೆ ಅವರಿಗೆ ಮಲಯಾಳಂ ಬಾರದಿದ್ದರೂ ಕಿವಿ ಚುರುಕು. ತುಳಸಿ ಅಲ್ಲೂ ತುಳಸಿಯೇ, ವಿಷ ಅಲ್ಲೂ ವಿಷವೇ. ಡಾಕ್ಟರು ಹೋದ ಮೇಲೆ ಮಗನನ್ನು ಕರೆದರು.

"ತುಳಸಿಗೆ ಏನಾಗಿದೆಯೋ?"

ವಿಠಲ ಹೇಳಿದ. ಸುತ್ತಿ ಬಳಸದೆ, ಬಕೆಟ್ಟಿನಿಂದ ಹಿಡಿದು ಎಲ್ಲ ಹೇಳಿದ. "ನಿಂಗೆ ಉಸಿರಿಗೆ ತೊಂದ್ರೆ ಆಗಬಾರದು ಅಂತ ವಾಸನೆ ಇಲ್ಲದ್ದು ಹುಡುಕಿದೆ ಅಮ್ಮ. ವಾಸನೆ ಇದ್ದಿದ್ರೆ ನಿಂಗೆ ಗೊತ್ತಾಗ್ತಿತ್ತು."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಅವನಿಗೂ ಒಳ್ಳೆಯದಾಗುತ್ತಿತ್ತು. ಅವರು ಡ್ರಿಪ್ ಚುಚ್ಚಿದ ಕೈಯನ್ನು ನೋಡುತ್ತಾ ಮಲಗಿದ್ದರು. ನಾನು ಅವರ ಕಾಲು ಒತ್ತುತ್ತಾ ಕೂತೆ.

"ನಾನು ಆಮೇಲೆ ತಿಂದಿದ್ದು ಕಣೋ" ಎಂದರು ಕೊನೆಗೆ. "ಮೊದಲು ಕೊಟ್ಟಿದ್ದು ಪುಟ್ಟನಿಗೆ."

ರತ್ನಮ್ಮ ಕಾಲನ್ನು ನನ್ನ ಕೈಯಿಂದ ಎಳೆದುಕೊಂಡರು.

"ದಿನಾ ಕೊಟ್ಟಿದೀನಿ. ತಲೆ ಮೇಲೆ, ಪಾದದ ಮೇಲೆ, ಹಾಲಿನ ಬಟ್ಟಲಿಗೂ ಹಾಕಿ ಕೊಟ್ಟಿದೀನಿ. ಹಾಲು ಬಿಸಿ ಇದೆಯಾ ಅಂತ ನೋಡ್ತಿದ್ದೆ. ಎಲೇನ ನೋಡಲಿಲ್ಲ. ನಾನು ದೊಡ್ಡೋಳು, ನಂಗೆ ಡಾಕ್ಟರು ಇದಾರೆ, ನೀವೆಲ್ಲ ಇದೀರಿ. ಅವನೊಬ್ಬನೇ ಇದಾನಲ್ಲೋ ಮನೇಲಿ."

ಸರೋಜ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಅಪೂರ್ವಾ ಏನೋ ಸಮಾಧಾನ ಹೇಳಲು ಹೋದಳು. ಅದಕ್ಕೆ ಬೇಕಾದ ಕನ್ನಡ ಸಿಗದೆ ಅಜ್ಜಿಯ ಕೈ ಹಿಡಿದುಕೊಂಡಳು. ದೇವರಿಗೆ ವಿಷ ತಾಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹಿತ್ತಾಳೆಗೆ ಹೊಟ್ಟೆಯಿಲ್ಲ ಎನ್ನಬಹುದಿತ್ತು. ಜನ್ಮವೆಲ್ಲ ಹಾಲಿನ ಬಿಸಿ ನೋಡಿದ ಆ ಹೆಂಗಸಿನ ಕಾಲನ್ನು ಮತ್ತೆ ಒತ್ತತೊಡಗಿದೆ.

ಅಷ್ಟರಲ್ಲಿ ಎಳನೀರು ಬಂತು. ರತ್ನಮ್ಮ ಬಾಯಿಗೆ ಮುಟ್ಟಿಸಲಿಲ್ಲ. "ಮೊದಲು ಅವನಿಗೆ ಕೊಟ್ಟು ಬಾ. ಅವನು ಕುಡಿಯದೆ ನಂಗೆ ಇಳಿಯಲ್ಲ" ಎಂದರು. ಡಾಕ್ಟರು ಗಂಜಿಯನ್ನೂ ಹೇಳಿದ್ದು ನೆನಪಿಟ್ಟುಕೊಂಡಿದ್ದರು. "ತೆಳ್ಳಗೆ ಮಾಡು. ಉಪ್ಪು ಕಮ್ಮಿ ಇರಲಿ. ತುಳಸಿ ಹಾಕಬೇಡ."

ವಿಠಲ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಎಳನೀರು ಹಿಡಿದುಕೊಂಡು ಹೊರಟ. ಒಬ್ಬನೇ ಹೋಗುವ ಸ್ಥಿತಿಯಲ್ಲಿರಲಿಲ್ಲ, ನಾನೂ ಆಟೋ ಹತ್ತಿದೆ. ದಾರಿಯುದ್ದಕ್ಕೂ ಅವನು ಒಂದೇ ಮಾತಾಡಿದ್ದು: "ಎಲ್ಲಾ ನೋಡಿದೆ ಅಕ್ಕ, ಒಂದೂ ಬಿಡಲಿಲ್ಲ." ನಾನು ಹೂಂ ಎಂದೆ.

ಗೇಟು ತೆಗೆದರೆ ದಾಸವಾಳ ಕೆಂಪಗೆ ಅರಳಿ ನಿಂತಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಕಾಲು ತೊಳೆದು ಒಳಗೆ ಹೋಗಿ, ಒಂದು ಹಿಡಿ ಅಕ್ಕಿ ತೊಳೆದು ಗಂಜಿಗಿಟ್ಟ. ಮಾಡಿಕೊಡುತ್ತೇನೆ ಎಂದರೆ ಬೇಡವೆಂದ. ಗಂಜಿ ಬೆಂದ ಮೇಲೆ ಬಟ್ಟಲಿಗೆ ಬಸಿದು, ಒಂದು ತೊಟ್ಟನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಬಿಸಿ ನೋಡಿದ. ಸುಟ್ಟಿರಬೇಕು, ಊದುತ್ತಾ ನಿಂತ. ಆಮೇಲೆ ಪುಟ್ಟನ ತಲೆ, ಪಾದದ ಮೇಲಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಎಳನೀರನ್ನೂ ಗಂಜಿಯನ್ನೂ ಮುಂದಿಟ್ಟ.

ಫೋನು ಬಂತು. ಸರೋಜಳ ನಂಬರು, ದನಿ ಮಾತ್ರ ರತ್ನಮ್ಮನದು. ದೊಡ್ಡದಾಗಿ ಕೇಳಿಸುತ್ತಿತ್ತು.

"ಕೊಟ್ಯೇನೋ?"

"ಕೊಟ್ಟೆ ಅಮ್ಮ."

"ಹೇಗಿದಾನೆ?"

ವಿಠಲ ಬಗ್ಗಿ ನೋಡಿದ. ಹಿತ್ತಾಳೆಯ ಮಗು ಒಂದು ಕೈ ನೆಲಕ್ಕೂರಿ, ಇನ್ನೊಂದರಲ್ಲಿ ಬೆಣ್ಣೆ ಹಿಡಿದು, ಯಾವತ್ತಿನ ಹಾಗೆ ಇತ್ತು.

"ಈಗೇನೂ ತೊಂದ್ರೆ ಇಲ್ಲಮ್ಮ" ಎಂದ. "ನೋಡೋಣ."

"ಹಾಗಾದ್ರೆ ನೀನು ಇಲ್ಲಿಗೆ ಬರಬೇಡ. ಅಲ್ಲೇ ಅವನ ಹತ್ರ ಇರು."

ವಿಠಲ ಫೋನನ್ನು ಕೆಳಗಿಟ್ಟು, ಗೋಡೆಗೊರಗಿಸಿದ್ದ ಮಣೆ ಎಳೆದುಕೊಂಡು, ಪುಟ್ಟನ ಎದುರಿಗೆ ಕೂತ.