ಏಲಂಗೆ ಬಂದ ಅಕ್ಕನ ಮುಖ

ಕುವೈತಿನ ರುಮೈಥಿಯಾದಲ್ಲಿ ಅಕ್ಕ ಅಡುಗೆಗೆ ಹೋಗುತ್ತಿದ್ದ ಫ್ರೆಂಚ್ ಮೇಡಮ್ಮನ ಕುಟುಂಬ ತೊಂಬತ್ತರಲ್ಲಿ, ಬೇಸಿಗೆಗೆ ಮುಂಚೆ, ತನ್ನ ದೇಶಕ್ಕೆ ಹೊರಟಿತು. ಸೋಫಾ, ಫ್ರಿಜ್ಜು, ಗೋಡೆಯ ಚಿತ್ರಗಳು ಎಲ್ಲವೂ ಅಂಗಳದಲ್ಲಿ ಏಲಂ. ಬಂದ ಹಣ ಅನಾಥ ಮಕ್ಕಳಿಗೆ. ಆ ಚಿತ್ರಗಳಲ್ಲಿ ಒಂದು ನಮ್ಮ ಅಕ್ಕನದು.

ಹಿಂದಿನ ವರ್ಷ ಪ್ಯಾರಿಸಿನಿಂದ ಬಂದಿದ್ದ ಮೇಡಮ್ಮನ ತಮ್ಮ, ಬಟಾಣಿ ಸುಲಿಯುತ್ತಿದ್ದ ಅಕ್ಕನ ಎದುರು ಮಧ್ಯಾಹ್ನವಿಡೀ ಕೂತು ಅದನ್ನು ಜಲವರ್ಣದಲ್ಲಿ ಬರೆದಿದ್ದ. ಈ ಕಾಲದ ಕಲೆ ನೋಡಿ, ಒಂದು ಕೆನ್ನೆ ಹಸಿರು, ಮೂಗು ಕಿವಿಯ ಕಡೆಗೆ ಹೊರಟಿತ್ತು. ಅಕ್ಕ ಅವನೆದುರೇ ನಕ್ಕುಬಿಟ್ಟಿದ್ದಳು. ಏಲಂ ಸುದ್ದಿ ಕೇಳಿದ ಮೇಲೆ ನಗು ನಿಂತಿತು.

"ಅದು ನನಗೆ ಬೇಕು. ಎಷ್ಟಾದರೂ ನೀವು ಹಿಡೀಬೇಕು," ಎಂದು ಭಾವನಿಗೆ ಹೇಳಿದಳು.

ಮೇಡಮ್ಮನ್ನೇ ಕೇಳಬಹುದಲ್ಲ ಎಂದೆ, ಅವರ ಜೊತೆಗೇ ಇದ್ದ ನಾನು.

"ಕೇಳಿ ತೆಗೊಳ್ಳುವ ಕ್ರಮ ನನಗಿಲ್ಲ."

ಅಕ್ಕನ ಬಿಗುಮಾನಕ್ಕೆ ಮದ್ದಿಲ್ಲ.

ಭಾವ ಮೀನಾ ಅಬ್ದುಲ್ಲಾದ ಎಣ್ಣೆ ಕಂಪನಿಯಲ್ಲಿ ಸ್ಟೋರ್‌ಕೀಪರ್. ಅವರಿಗೆ ಗೊತ್ತಿದ್ದ ಏಲಂ ಒಂದೇ, ಊರಿನ ಇಗರ್ಜಿಯದು, ಅಂದರೆ ಚರ್ಚಿನದು. ಹಬ್ಬದ ದಿನ ಬಲಿಪೂಜೆ ಮುಗಿದ ಮೇಲೆ ಅಲ್ಲಿ ಕಾಣಿಕೆಯ ಕುಂಬಳಕಾಯಿ, ಬಾಳೆಗೊನೆಗಳನ್ನು ಕೂಗುತ್ತಾರೆ. ಗೆದ್ದವನು ಹಣವನ್ನೂ ಕೊಟ್ಟು, ಕಾಯಿಯನ್ನೂ "ಪುನಃ ಕೂಗಿ" ಎಂದು ಹಿಂದಕ್ಕೆ ಕೊಟ್ಟರೆ ಅದು ದೊಡ್ಡಸ್ತಿಕೆ. ಒಂದು ಕುಂಬಳಕಾಯಿ ಹೀಗೆ ನಾಲ್ಕಾರು ಕೈ ದಾಟುವುದುಂಟು.

ಶುಕ್ರವಾರ ಬೆಳಿಗ್ಗೆ ಭಾವ ಇಸ್ತ್ರಿ ಶರ್ಟು ಹಾಕಿ ಮುಂದಿನ ಸಾಲಲ್ಲೇ ಕೂತರು, ಅಕ್ಕನೂ ನಾನೂ ಹಿಂದೆ ನಿಂತೆವು. ಕೂಗುವವನು ಹೈದರಾಬಾದಿನವನು. ಅಕ್ಕನ ಚಿತ್ರಕ್ಕೆ ಒಬ್ಬ ಕುವೈತಿ ಅಜ್ಜ ಬಿಡದೆ ಏರಿಸಿದರು, ಭಾವನೂ ಏರಿಸಿದರು. ಕೊನೆಗೆ ಅಜ್ಜ ಸುಮ್ಮನಾದರು. ಚಿತ್ರ ನಮ್ಮದಾಯಿತು. ಜನ ಚಪ್ಪಾಳೆ ತಟ್ಟಿದರು, ಆ ಚಪ್ಪಾಳೆಯೇ ಕೆಡಿಸಿತು. ಭಾವ ಹಣ ಕೊಟ್ಟವರೇ ಎದೆಯುಬ್ಬಿಸಿ, "ಬಚ್ಚೋಂ ಕೇ ಲಿಯೇ. ಫಿರ್ ಸೇ ಬೋಲೋ, ಭಾಯಿ," ಎಂದು ಊರಿನ ಹಾಗೆಯೇ ಪುನಃ ಕೂಗಲು ಹೇಳಿ ಚಿತ್ರವನ್ನು ಮೇಜಿನ ಮೇಲೆ ವಾಪಸು ಇಟ್ಟುಬಿಟ್ಟರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೂಗುವವನಿಗೋ ಖುಷಿಯೋ ಖುಷಿ. ಅಜ್ಜ ಮತ್ತೆ ಕೈ ಎತ್ತಿದರು. ಭಾವನ ಜೇಬು ಖಾಲಿ.

"ನಿಮಗೆ ಮರುಳಾ ಮಾರಾಯ್ರೆ? ಅದೆಂತ ಕುಂಬಳಕಾಯಿಯಾ?" ಎಂದಳು ಅಕ್ಕ. ನನಗೆ ನಗು ತಡೆಯಲಾಗಲಿಲ್ಲ. ಅವಳ ಕಣ್ಣಲ್ಲಿ ನೀರು ಕಂಡ ಮೇಲೆ ಬಾಯಿ ಮುಚ್ಚಿದೆ. ಅವಳು ನೆಟ್ಟಗೆ ಮೇಜಿನ ಬಳಿ ಹೋಗಿ ಚಿತ್ರದ ಚೌಕಟ್ಟು ಹಿಡಿದು ನಿಂತಳು. ಜನ ಒಮ್ಮೆ ಚಿತ್ರ, ಒಮ್ಮೆ ಅವಳ ಮುಖ ನೋಡಿದರು. ಕೆನ್ನೆ ಹಸಿರಾದರೇನು, ಕಣ್ಣು ಅವಳದೇ.

ಮೇಡಂ ಗಾಬರಿಯಿಂದ ಬಂದರು. "ನೀನು ನಕ್ಕಿದ್ದೆಯಲ್ಲ, ನಿನಗೆ ಹಿಡಿಸಲಿಲ್ಲ ಅಂದುಕೊಂಡೆ," ಎಂದರು.

"ಚಂದ ಇಲ್ಲ ಮೇಡಂ," ಎಂದಳು ಅಕ್ಕ ತನ್ನ ಹರಕು ಇಂಗ್ಲಿಷಿನಲ್ಲಿ. "ಆದರೆ ನನ್ನ ಮುಖವನ್ನು ಅಷ್ಟು ಹೊತ್ತು ಕೂತು ಬೇರೆ ಯಾರೂ ನೋಡಿದ್ದಿಲ್ಲ."

ಅಜ್ಜನಿಗೆ ಎಷ್ಟು ಅರ್ಥವಾಯಿತೋ, ಕೈ ಇಳಿಸಿ "ಖಲಾಸ್" ಎಂದರು. ಮೇಡಂ ಚಿತ್ರವನ್ನು ಅಕ್ಕನ ಕೈಗಿತ್ತರು.

ಮನೆಗೆ ಬಂದು ಅಕ್ಕ ಅಡುಗೆಗೆ ನಿಂತಾಗ ಭಾವ ಅಡುಗೆಕೋಣೆಯ ಬಾಗಿಲಿಗೆ ಕುರ್ಚಿ ಎಳೆದು ಕೂತರು.

"ಎಂತ ಬೇಕು?" ಎಂದಳು ಅಕ್ಕ.

"ಎಂತ ಇಲ್ಲ. ನೀನು ಕೆಲಸ ಮಾಡು."

ಅಕ್ಕ ಸ್ವಲ್ಪ ಹೊತ್ತು ಈರುಳ್ಳಿ ಕೊಚ್ಚಿದಳು. "ಹೀಗೆ ನೋಡ್ತಾ ಕೂತರೆ ನನಗೆ ಕೆಲಸ ಆಗ್ಲಿಕ್ಕಿಲ್ಲ," ಎಂದಳು. ಏಳಿ ಎಂದು ಮಾತ್ರ ಹೇಳಲಿಲ್ಲ.